ಐದು ಲಿಪಿ, ಒಂದು ಸೈಟು: ಫಾಂಟ್ ಕ್ಯಾಶ್ ರಿಪೇರಿ

ಸೈಟು ನಮ್ಮ ಭಾವನದು. ಮೈಸೂರಿನ ನಜರ್‌ಬಾದಿನಲ್ಲಿ ಆಫೀಸು, ಟೂರಿಸ್ಟ್ ಕಾರುಗಳ ವ್ಯವಹಾರ. ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ರಂಗನತಿಟ್ಟು, ಮೇಲುಕೋಟೆ, ಆ ಕಡೆ ಊಟಿ, ಈ ಕಡೆ ವಯನಾಡು. ಗಿರಾಕಿಗಳಲ್ಲಿ ಕೇರಳದವರು, ತಮಿಳುನಾಡಿನವರು ಜಾಸ್ತಿ. ಹಾಗಾಗಿ ಸೈಟು ಕನ್ನಡ, ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ, ಹೀಗೆ ಐದು ಭಾಷೆಯಲ್ಲಿದೆ. ಕಟ್ಟಿಕೊಟ್ಟವರು ಬೇರೆಯವರು. ಈಗ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ.

"ಕಾರಿನ ಫೋಟೋ ಬರುತ್ತೆ ಕಣೋ, ರೇಟೇ ಬರಲ್ಲ. ಜಾಗ ಬೆಳ್ಳಗೆ ಕೂತಿರುತ್ತೆ. ಕೇರಳದವರು ಫೋನ್ ಮಾಡಿ, ಸೈಟಲ್ಲಿ ಏನೂ ಬರೆದೇ ಇಲ್ವಲ್ಲ ಅಂತಾರೆ." ಇದು ಭಾವನ ದೂರು. ಪರಿಹಾರವನ್ನೂ ಅವರೇ ಹೇಳಿದ್ದರು: "ಅದೇನೋ ಕ್ಯಾಶ್ ಅಂತಾರಲ್ಲ, ಅದನ್ನ ಜಾಸ್ತಿ ಮಾಡಿಬಿಡು." (ಕ್ಯಾಶ್ ಅಂದರೆ ಒಮ್ಮೆ ಇಳಿಸಿದ ಫೈಲನ್ನು ಬ್ರೌಸರ್ ಮುಂದಿನ ಸಲಕ್ಕೆ ಅಂತ ಇಟ್ಟುಕೊಳ್ಳುವ ಜಾಗ.)

ಫೋಟೋ ಬಂದು ಅಕ್ಷರ ಬರದಿದ್ದರೆ ಮೊದಲು ಫಾಂಟನ್ನೇ ಹಿಡಿಯಬೇಕು. ಸೈಟು ತನ್ನದೇ ಫಾಂಟ್ (ವೆಬ್‌ಫಾಂಟ್) ಬಳಸಿದರೆ ಆ ಫೈಲು ನೆಟ್ಟಿನಿಂದ ಇಳಿಯಬೇಕು. ಫಾಂಟ್ ಇಳಿಯುವ ತನಕ ಏನು ತೋರಿಸಬೇಕು ಅಂತ ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಫೈಲು) ಹೇಳದೇ ಇದ್ದರೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ಸುಮಾರು 3 ಸೆಕೆಂಡ್ ಅಕ್ಷರವನ್ನು ಬಚ್ಚಿಡುತ್ತವೆ. ಆಮೇಲೆ ಫೋನಿನದೇ ಫಾಂಟಿನಲ್ಲಿ ತೋರಿಸುತ್ತವೆ. ಅಸಲಿ ಫಾಂಟ್ ಬಂದ ಮೇಲೆ ಮತ್ತೆ ಬದಲಾಯಿಸುತ್ತವೆ. ಈ ಸೈಟಿನಲ್ಲಿ ಅದನ್ನು ಎಲ್ಲೂ ಹೇಳಿರಲಿಲ್ಲ. ಆದರೆ ಅಷ್ಟೊಂದು ಹೊತ್ತು ಫಾಂಟ್ ಬರದೇ ಇರೋದು ಯಾಕೆ ಅನ್ನೋದೇ ದೊಡ್ಡ ಪ್ರಶ್ನೆ. ಸುಮ್ನೆ ಕ್ಯಾಶ್ ಹಿಗ್ಗಿಸಿದರೆ ಬೇಡದ ಫೈಲುಗಳನ್ನು ಒಂದು ವರ್ಷ ಜೋಪಾನವಾಗಿ ಇಟ್ಟುಕೊಂಡ ಹಾಗೆ ಆಗುತ್ತೆ, ಅಷ್ಟೇ.

ಮೊದಲು ಅಳತೆ

ಲ್ಯಾಪ್‌ಟಾಪಿನಲ್ಲಿ ಬ್ರೌಸರ್‌ನ ಡೆವಲಪರ್ ಟೂಲ್ಸ್ ಒಳಗಿನ ನೆಟ್‌ವರ್ಕ್ ಪ್ಯಾನೆಲ್ ತೆರೆದು 'ಫಾಂಟ್' ಫಿಲ್ಟರ್ ಒತ್ತಿ ನೋಡುವುದು ಸುಲಭದ ದಾರಿ. ಆದರೆ ಮನೆಯ ಫೈಬರ್ ಲೈನಿನಲ್ಲಿ ಎಲ್ಲ ಸೈಟೂ ಚೆನ್ನಾಗೇ ಓಡುತ್ತೆ. ಒಂದು ಹಳೇ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿಗೆ ಸಿಕ್ಕಿಸಿ, ಲ್ಯಾಪ್‌ಟಾಪಿನ ಕ್ರೋಮ್‌ನಿಂದಲೇ ಅದರ ಪುಟವನ್ನು ಇನ್‌ಸ್ಪೆಕ್ಟ್ ಮಾಡಿದೆ. ಅದರಲ್ಲಿ ಮೊಬೈಲ್ ಡೇಟಾ ಮಾತ್ರ, ವೈಫೈ ಇಲ್ಲ. ಒಂದು ಎಚ್ಚರಿಕೆ: ಪ್ಯಾನೆಲ್ಲಿನಲ್ಲಿ 'ಡಿಸೇಬಲ್ ಕ್ಯಾಶ್' ಅಂತ ಒಂದು ಟಿಕ್ ಇರುತ್ತೆ. ಮೊದಲ ಭೇಟಿ ಅಳೆಯುವಾಗ ಅದು ಇರಲಿ. ಎರಡನೇ ಭೇಟಿ ಅಳೆಯುವಾಗ ತೆಗೆಯಿರಿ. ಇಲ್ಲದಿದ್ದರೆ ಕ್ಯಾಶ್ ಕೆಲಸ ಮಾಡ್ತಾನೇ ಇಲ್ಲ ಅಂತ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತೆ.

ಮಲಯಾಳಂ ಪುಟ ತೆರೆದೆ. ಹತ್ತು ಫಾಂಟ್ ಫೈಲು. ಕನ್ನಡ ಪುಟದಲ್ಲೂ ಹತ್ತೇ. ಇಂಗ್ಲಿಷ್ ಪುಟದಲ್ಲೂ ಹತ್ತು! ಹೆಡ್ಡಿಂಗಿಗೆ ಬಾಲೂ ಕುಟುಂಬ, ಐದು ಲಿಪಿಗೆ ಐದು ಫೈಲು, ಗೂಗಲ್ ಫಾಂಟ್ಸ್‌ನಿಂದ ಬರುತ್ತಿತ್ತು. ಕೆಳಗಿನ ಬರಹಕ್ಕೆ ನೋಟೋ ಸ್ಯಾನ್ಸ್ ಕುಟುಂಬದ ಐದು ಫೈಲು, ನಮ್ಮದೇ ಸರ್ವರ್‌ನಿಂದ, ಅದೂ ಟಿಟಿಎಫ್ ರೂಪದಲ್ಲಿ, ಕಂಪ್ರೆಸ್ ಕೂಡ ಆಗದೆ. ನಮ್ಮ ಸರ್ವರ್ ಸಾಫ್ಟ್‌ವೇರ್ ಎಂಜಿನ್ಎಕ್ಸ್‌ನಲ್ಲಿ ಜಿಜಿಪ್ (ಕಳಿಸುವ ಮುಂಚೆ ಫೈಲು ಕುಗ್ಗಿಸುವ ವಿಧಾನ) ಆನ್ ಮಾಡಿದರೂ ತಾನಾಗಿ ಕಂಪ್ರೆಸ್ ಆಗುವುದು ಎಚ್‌ಟಿಎಂಎಲ್ ಮಾತ್ರ. ಉಳಿದ ಬಗೆಗಳನ್ನು ನಾವೇ ಪಟ್ಟಿ ಕೊಡಬೇಕು. ಇಲ್ಲಿ ಯಾರೂ ಕೊಟ್ಟಿರಲಿಲ್ಲ.

(ಬಾಲೂ ಗೊತ್ತಿಲ್ಲದವರಿಗೆ: ಏಕ್ ಟೈಪ್‌ನವರ ಫಾಂಟು. ಕನ್ನಡದ್ದರ ಹೆಸರು ಬಾಲೂ ತಮ್ಮ, ತಮಿಳಿನದು ಬಾಲೂ ತಂಬಿ, ಮಲಯಾಳಂದು ಬಾಲೂ ಚೇಟ್ಟನ್. ಐದು ಲಿಪಿಯಲ್ಲೂ ಒಂದೇ ಥರದ ದುಂಡು ಮೈ. ಕಾರಿನ ಬೋರ್ಡಿಗೆ ಒಪ್ಪುವಂಥದ್ದು. ಭಾವನಿಗೂ ಇಷ್ಟ. ಅದನ್ನು ತೆಗೆಯುವ ಮಾತೇ ಇರಲಿಲ್ಲ.)

ಮಲಯಾಳಂನವರಿಗೇ ಯಾಕೆ ಜಾಸ್ತಿ ತೊಂದರೆ

ಹತ್ತು ಫೈಲು ಎಲ್ಲ ಪುಟಕ್ಕೂ ಬಂದರೂ ದೂರು ಮಾತ್ರ ಕೇರಳದಿಂದಲೇ ಬರುತ್ತಿತ್ತು. ಯಾವ ಫೈಲು ಯಾವಾಗ ಇಳಿಯಿತು ಅಂತ ತೋರಿಸುವ ಪ್ಯಾನೆಲ್ಲಿನ ವಾಟರ್‌ಫಾಲ್ ಗೆರೆಗಳನ್ನು ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ನೋಟೋ ಫೈಲುಗಳು ಒಟ್ಟಿಗೆ ಇಳಿಯುತ್ತಿರಲಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು, ಮೆಟ್ಟಿಲು ಮೆಟ್ಟಿಲಾಗಿ.

ಸಿಎಸ್‌ಎಸ್‌ನಲ್ಲಿ ಬರಹದ ಫಾಂಟ್ ಸಾಲು ಹೀಗಿತ್ತು: ಮೊದಲು ಲ್ಯಾಟಿನ್ (ಇಂಗ್ಲಿಷ್ ಅಕ್ಷರ), ಆಮೇಲೆ ಕನ್ನಡ, ದೇವನಾಗರಿ, ತಮಿಳು, ಕೊನೆಗೆ ಮಲಯಾಳಂ. ಯಾವ ಫೈಲಿಗೂ ಯುನಿಕೋಡ್-ರೇಂಜ್ ಬರೆದಿರಲಿಲ್ಲ. ಯುನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುತ್ತೆ; ಈ ಫೈಲು ಯಾವ ನಂಬರ್‌ಗಳಿಗೆ ಅಂತ ಹೇಳುವ ಪಟ್ಟಿಯೇ ರೇಂಜ್. ಬರೆಯದಿದ್ದರೆ, ಈ ಫೈಲಿನಲ್ಲಿ ಯಾವ ಅಕ್ಷರ ಬೇಕಾದರೂ ಇರಬಹುದು ಅಂತ ಬ್ರೌಸರ್ ತಿಳಿದುಕೊಳ್ಳುತ್ತೆ. ಮಲಯಾಳಂ ಅಕ್ಷರ ಎದುರಾದಾಗ ಸಾಲಿನ ಮೊದಲ ಫಾಂಟ್ ಇಳಿಸುತ್ತೆ. ತೆರೆದು ನೋಡಿದರೆ ಇಲ್ಲ. ಎರಡನೆಯದನ್ನು ಇಳಿಸುತ್ತೆ. ಅದರಲ್ಲೂ ಇಲ್ಲ. ಹೀಗೆ ಐದನೆಯದಕ್ಕೆ ಬರುವಷ್ಟರಲ್ಲಿ, ಸಿಗ್ನಲ್ ಕಡಿಮೆ ಇರುವ ಜಾಗದಲ್ಲಿ ಕೂತವನು ಟ್ಯಾಬ್ ಮುಚ್ಚಿರುತ್ತಾನೆ. ಕನ್ನಡ ಎರಡನೇ ಜಾಗದಲ್ಲಿದ್ದದ್ದರಿಂದ ನಮಗೆ ಅಷ್ಟಾಗಿ ಬಿಸಿ ತಟ್ಟಲಿಲ್ಲ.

ಗೂಗಲ್‌ನಿಂದ ಬರುವ ಸಿಎಸ್‌ಎಸ್‌ನಲ್ಲಿ ಈ ರೇಂಜ್ ಬರೆದೇ ಇರುತ್ತೆ. ಪುಟದಲ್ಲಿ ಆ ರೇಂಜಿನ ಒಂದು ಅಕ್ಷರವಾದರೂ ಇದ್ದರೆ ಮಾತ್ರ ಆ ಫೈಲು ಇಳಿಯುತ್ತೆ. ಹಾಗಾದರೆ ಬಾಲೂ ಐದೂ ಇಳಿದದ್ದು ಹೇಗೆ?

ಪುಟದ ಮೇಲ್ತುದಿಯಲ್ಲಿ ಭಾಷೆ ಬದಲಾಯಿಸುವ ಪಟ್ಟಿ ಇದೆ. ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿ, ಬಾಲೂ ಫಾಂಟಿನಲ್ಲಿ. ಹಾಗೆ ಇರುವುದೇ ಸರಿ. ಮಲಯಾಳಂ ಮಾತ್ರ ಓದುವವನಿಗೆ ಅದರ ಹೆಸರನ್ನು ಇಂಗ್ಲಿಷಿನಲ್ಲಿ ತೋರಿಸಿ ಏನು ಪ್ರಯೋಜನ? ಆದರೆ ಆ ನಾಲ್ಕೈದು ಪದಗಳಿಗೋಸ್ಕರ ಪ್ರತಿ ಪುಟದಲ್ಲೂ ಐದು ಲಿಪಿಯ ಪೂರ್ತಿ ಫೈಲು ಇಳಿಯುತ್ತಿತ್ತು. 'ತಮಿಳು' ಅಂತ ತಮಿಳಿನಲ್ಲಿ ಬರೆಯಲು ಬೇಕಾದದ್ದು ಮೂರು ಮೂಲಾಕ್ಷರ, ಒಂದು ಸ್ವರಚಿಹ್ನೆ, ಒಂದು ಪುಳ್ಳಿ (ಅಕ್ಷರದ ಮೇಲಿನ ಚುಕ್ಕಿ). ಬರುತ್ತಿದ್ದದ್ದು ಇಡೀ ತಮಿಳು ವರ್ಣಮಾಲೆ.

ಈ ಪಟ್ಟಿಗೆ ವೆಬ್‌ಫಾಂಟನ್ನೇ ತೆಗೆದುಬಿಟ್ಟೆ. ಫೋನಿನಲ್ಲಿ ಯಾವುದು ಇದೆಯೋ ಅದರಲ್ಲೇ ತೋರಿಸಲಿ. ಪ್ರತಿ ಕೊಂಡಿಗೂ ಅದರ ಭಾಷೆಯ ಲ್ಯಾಂಗ್ ಗುರುತು ಹಾಕಿದೆ. ಬೇರೆ ದಾರಿಗಳೂ ಇವೆ: ಆ ಐದು ಪದಗಳ ಅಕ್ಷರ ಮಾತ್ರ ಇರುವ ಪುಟಾಣಿ ಫಾಂಟ್ ಮಾಡಬಹುದು, ಎಸ್‌ವಿಜಿ ಚಿತ್ರ ಮಾಡಬಹುದು. ನಾಲ್ಕು ಪದಕ್ಕೆ ಅಷ್ಟೆಲ್ಲ ಕಸರತ್ತು ಬೇಕಿಲ್ಲ ಅಂತ ನನ್ನ ಲೆಕ್ಕ. ಇದೊಂದು ಬದಲಾವಣೆಗೇ ಕನ್ನಡ ಪುಟದ ಬಾಲೂ ಐದರಿಂದ ಎರಡಕ್ಕೆ ಇಳಿಯಿತು. ಕನ್ನಡದ್ದು, ಲ್ಯಾಟಿನ್‌ದು.

ಬರಹಕ್ಕೆ ವೆಬ್‌ಫಾಂಟ್ ಬೇಕೇ ಬೇಕಾ?

ಬೇಡ. ಬಹಳ ಹಿಂದಿನ ಮಾತು ಬೇರೆ. ಆಗ ಎಷ್ಟೋ ಫೋನಿನಲ್ಲಿ ಕನ್ನಡ ಬರೀ ಚೌಕಚೌಕವಾಗಿ ಕಾಣುತ್ತಿತ್ತು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ ಕುಟುಂಬದ ಭಾರತೀಯ ಲಿಪಿಗಳು ಬಂದೇ ಬರುತ್ತವೆ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಇದೆ, ಅದಕ್ಕೂ ಮುಂಚೆ ತುಂಗಾ ಇತ್ತು. ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್. ಫೋನಿನೊಳಗೆ ಇರುವ ನೋಟೋವನ್ನೇ ಇನ್ನೊಂದು ಸಲ ನೆಟ್ಟಿನಿಂದ ಇಳಿಸಿ ತೋರಿಸುತ್ತಿದ್ದೆವು, ಅಲ್ವಾ? ನಮ್ಮ ಸರ್ವರ್‌ನ ಐದೂ ನೋಟೋ ಫೈಲು ಅಳಿಸಿದೆ. ದರಪಟ್ಟಿ, ಫೋನ್ ನಂಬರ್, ಊರುಗಳ ವಿವರ ಎಲ್ಲ ಈಗ ಸಿಸ್ಟಮ್ ಫಾಂಟಿನಲ್ಲಿ. ಗಿರಾಕಿಗೆ ಬೇಕಾದದ್ದು ಅದೇ. ಅದಕ್ಕೆ ಕಾಯುವ ಪ್ರಶ್ನೆಯೇ ಇಲ್ಲ.

ಪತ್ರಿಕೆ, ಪುಸ್ತಕದ ಥರದ ಸೈಟಿಗೆ ನಾನು ಹೀಗೆ ಹೇಳುವುದಿಲ್ಲ. ಅಲ್ಲಿ ಅಕ್ಷರದ ಮುಖವೇ ಮುಖ್ಯ. ಕಾರು ಬುಕ್ ಮಾಡುವ ಸೈಟಿಗೆ ಹೆಡ್ಡಿಂಗ್ ಒಂದು ಚೆಂದ ಇದ್ದರೆ ಸಾಕು.

₹ ಚಿಹ್ನೆಯ ಕಿತಾಪತಿ

ಉಳಿದದ್ದು ಬಾಲೂ. ಅದನ್ನು ಗೂಗಲ್‌ನಿಂದ ತೆಗೆದು ನಮ್ಮ ಸರ್ವರ್‌ಗೇ ತಂದುಕೊಳ್ಳುವ ತೀರ್ಮಾನ ಮಾಡಿದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಅಡ್ಡಿಯಿಲ್ಲ. "ಗೂಗಲ್‌ದೇ ಬಳಸಿದರೆ ಬೇರೆ ಸೈಟಿನಲ್ಲಿ ಇಳಿದಿರುವ ಫಾಂಟ್ ನಮಗೂ ಸಿಗುತ್ತಲ್ಲ" ಅಂತ ಈಗಲೂ ಹಲವರು ಹೇಳುತ್ತಾರೆ. ಆ ಕಾಲ ಮುಗಿದಿದೆ. ಒಂದು ಸೈಟಿನಲ್ಲಿ ಇಳಿದ ಫೈಲನ್ನು ಇನ್ನೊಂದು ಸೈಟಿಗೆ ಕೊಡುವುದನ್ನು ಸಫಾರಿ ಬಹಳ ಹಿಂದೆಯೇ ನಿಲ್ಲಿಸಿತ್ತು. ಕ್ರೋಮ್ 2020ರ ಅಕ್ಟೋಬರ್‌ನಲ್ಲಿ 86ನೇ ಆವೃತ್ತಿಯಿಂದ, ಫೈರ್‌ಫಾಕ್ಸ್ 2021ರ ಜನವರಿಯಲ್ಲಿ 85ನೇ ಆವೃತ್ತಿಯಿಂದ ನಿಲ್ಲಿಸಿದವು. ಯಾರು ಯಾವ ಸೈಟಿಗೆ ಹೋಗಿದ್ದರು ಅಂತ ಕ್ಯಾಶ್ ನೋಡಿ ಪತ್ತೆ ಮಾಡುವುದನ್ನು ತಡೆಯಲು ಹೀಗೆ ಮಾಡಿದರು. ಈಗ ಪ್ರತಿ ಸೈಟಿಗೂ ಅದರದೇ ಕ್ಯಾಶ್. ಹಂಚಿಕೊಳ್ಳುವ ಲಾಭ ಹೋಗಿ, ಇನ್ನೆರಡು ಸರ್ವರ್‌ಗಳಿಗೆ ಹೊಸದಾಗಿ ಕನೆಕ್ಷನ್ ಮಾಡುವ ಖರ್ಚು ಮಾತ್ರ ಉಳಿದಿದೆ: ಸಿಎಸ್‌ಎಸ್‌ಗೆ ಒಂದು, ಫಾಂಟಿಗೆ ಇನ್ನೊಂದು.

ಐದೂ ಫೈಲಿಗೆ ಒಂದೇ ಕುಟುಂಬದ ಹೆಸರು ಕೊಟ್ಟು, ಗೂಗಲ್‌ನ ರೇಂಜುಗಳನ್ನೇ ಇಟ್ಟು ಓಡಿಸಿದಾಗ ಒಂದು ವಿಚಿತ್ರ ಕಂಡಿತು. ಇಂಗ್ಲಿಷ್ ಪುಟ ಮಲಯಾಳಂ ಫಾಂಟ್ ಇಳಿಸುತ್ತಿದೆ. ಪುಟದಲ್ಲಿ ಮಲಯಾಳಂ ಅಕ್ಷರ ಒಂದೂ ಇಲ್ಲ. ಭಾಷೆ ಪಟ್ಟಿಯಲ್ಲಿ ಈಗ ಬಾಲೂ ಇಲ್ಲ. ಹೆಡ್ಡಿಂಗುಗಳನ್ನು ಒಂದೊಂದಾಗಿ ಅಳಿಸುತ್ತಾ ಹೋದೆ. ದಿನದ ಬಾಡಿಗೆ ತೋರಿಸುವ ದೊಡ್ಡಕ್ಷರದ ಸಾಲು ತೆಗೆದ ಕೂಡಲೇ ಮಲಯಾಳಂ ಫೈಲು ಮಾಯ.

ಕಾರಣ ₹. ಆ ಪಟ್ಟಿಗಳಲ್ಲಿ ಪ್ರತಿ ಭಾರತೀಯ ಲಿಪಿಯ ರೇಂಜಿನಲ್ಲೂ ರೂಪಾಯಿ ಚಿಹ್ನೆ ಇದೆ. ಒಂದೇ ಕುಟುಂಬದೊಳಗೆ ರೇಂಜುಗಳು ಒಂದರ ಮೇಲೊಂದು ಬಿದ್ದರೆ ಕೊನೆಗೆ ಬರೆದದ್ದು ಗೆಲ್ಲಬೇಕು ಅನ್ನುವುದು ಸಿಎಸ್‌ಎಸ್ ನಿಯಮ. ಕೊನೆಗೆ ಬರೆದದ್ದು ಮಲಯಾಳಂ. ಹಾಗಾಗಿ ಒಂದು ₹ ಬರೆಯಲು ಚೇಟ್ಟನ್ ಅಷ್ಟು ದೂರದಿಂದ ಬರಬೇಕಾಯಿತು.

ಒಂದೇ ಕುಟುಂಬದ ಹೆಸರನ್ನು ಅಲ್ಲಿಗೇ ಕೈಬಿಟ್ಟೆ. ಲಿಪಿಗೊಂದು ಹೆಸರು, ಭಾಷೆಗೊಂದು ಸಾಲು. ಎಚ್‌ಟಿಎಂಎಲ್‌ನ ಲ್ಯಾಂಗ್ ಗುರುತು ಕನ್ನಡ ಅಂತಿದ್ದರೆ ಹೆಡ್ಡಿಂಗಿಗೆ ಬಾಲೂ ತಮ್ಮ, ಆಮೇಲೆ ಸಿಸ್ಟಮ್ ಫಾಂಟು, ಅಷ್ಟೇ. ಮಲಯಾಳಂ ಅಂತಿದ್ದರೆ ಬಾಲೂ ಚೇಟ್ಟನ್, ಆಮೇಲೆ ಸಿಸ್ಟಮ್. ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗುವ ಹಾಗಿಲ್ಲ.

ಇನ್ನೊಂದು ಸಣ್ಣ ವಿಷಯ. ನಮ್ಮ ಹೆಡ್ಡಿಂಗುಗಳಲ್ಲಿ 'ಮೈಸೂರು–ಊಟಿ 1 ದಿನ' ಅನ್ನುವಂಥದ್ದೇ ಜಾಸ್ತಿ. ಆ 1, ಆ ಅಡ್ಡಗೆರೆ, ಪದಗಳ ನಡುವಿನ ಸ್ಪೇಸ್ ಯಾವುದೂ ಯುನಿಕೋಡ್‌ನಲ್ಲಿ ಕನ್ನಡದ ಜಾಗದೊಳಗೆ ಇಲ್ಲ. ಕನ್ನಡದ್ದು 0ಸಿ80ರಿಂದ 0ಸಿಎಫ್ಎಫ್ ತನಕ, 128 ಮನೆ. ಅಂಕಿಗೋಸ್ಕರ ಲ್ಯಾಟಿನ್ ಫೈಲನ್ನೂ ತರಿಸುವ ಬದಲು, ಕನ್ನಡ ಫೈಲಿನೊಳಗೇ 0ರಿಂದ 9, ಸ್ಪೇಸ್, ಸಾಮಾನ್ಯ ವಿರಾಮಚಿಹ್ನೆಗಳು, ₹ ಸೇರಿಸಿದೆ. ಬಾಲೂ ತಮ್ಮದಲ್ಲಿ ಅವೆಲ್ಲ ಮೊದಲೇ ಇವೆ. ಅದರಲ್ಲೂ ಸ್ಪೇಸ್ ಮುಖ್ಯ. ಸಾಲಿನ ಅಳತೆಗೆ ಯಾವ ಫಾಂಟ್ ಹಿಡಿಯಬೇಕು ಅನ್ನುವುದನ್ನು ಬ್ರೌಸರ್, ಸ್ಪೇಸ್ ಯಾವುದರ ರೇಂಜಿನಲ್ಲಿದೆ ಅಂತ ನೋಡಿ ತೀರ್ಮಾನ ಮಾಡುತ್ತೆ.

ಕತ್ತರಿ ಹಾಕುವಾಗ

ಫಾಂಟಿನಿಂದ ಬೇಡದ ಅಕ್ಷರ ತೆಗೆಯಲು ಫಾಂಟ್‌ಟೂಲ್ಸ್ ಬಳಸಿದೆ. ಪೈಥಾನ್‌ನದು. ಯಾವ ಕೋಡ್‌ಗಳು ಬೇಕು ಅಂತ ಕೊಟ್ಟರೆ ಉಳಿದದ್ದನ್ನು ಕತ್ತರಿಸಿ ವೋಫ್2 (ವೆಬ್‌ಗೆಂದೇ ಇರುವ ಫಾಂಟ್ ರೂಪ) ಮಾಡಿಕೊಡುತ್ತೆ. ವೋಫ್2 ಒಳಗೇ ಬ್ರಾಟ್ಲಿ ಕಂಪ್ರೆಶನ್ ಇರುವುದರಿಂದ ಸರ್ವರ್‌ನಲ್ಲಿ ಮತ್ತೆ ಜಿಜಿಪ್ ಮಾಡುವುದು ದಂಡ.

ಕನ್ನಡದಲ್ಲಿ ಎಚ್ಚರ ಬೇಕಾದದ್ದು ಒತ್ತಕ್ಷರದ ಹತ್ತಿರ. ಒತ್ತುಗಳಿಗೆ ಯುನಿಕೋಡ್‌ನಲ್ಲಿ ಬೇರೆ ನಂಬರ್ ಇಲ್ಲ. 'ತ್ತ' ಅಂದರೆ ತ, ವಿರಾಮ, ತ. ಅದನ್ನು ಒತ್ತಾಗಿ ಜೋಡಿಸುವ ನಿಯಮ ಫಾಂಟಿನೊಳಗಿನ ಜಿಸಬ್ ಪಟ್ಟಿಯಲ್ಲಿ ಇರುತ್ತೆ. ಫಾಂಟ್‌ಟೂಲ್ಸ್ ಆ ಪಟ್ಟಿಯನ್ನು ಹಿಡಿದು ಹೋಗಿ, ನಂಬರ್ ಇಲ್ಲದ ಒತ್ತುಗಳನ್ನೂ ಉಳಿಸಿಕೊಳ್ಳುತ್ತೆ. ಎಲ್ಲ ಟೂಲೂ ಹೀಗಲ್ಲ. ಜಿಸಬ್ ಕಿತ್ತುಹಾಕಿದರೆ 'ಹತ್ತಿರ' ಅನ್ನೋದು 'ಹತ್‌ತಿರ' ಆಗಿ ಕೂರುತ್ತೆ. ಲ್ಯಾಟಿನ್ ಮಾತ್ರ ಗೊತ್ತಿರುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ, ಪುಟ ಸರಿಯಾಗೇ ಇದೆ ಅಂದುಕೊಳ್ಳುತ್ತಾರೆ.

ಇನ್ನೆರಡು ಕಾಣದ ಅಕ್ಷರಗಳಿವೆ: ಯುನಿಕೋಡ್ ನಂಬರ್ 200ಸಿ, 200ಡಿ. ಮೊದಲನೆಯದು ಜೋಡಣೆ ಬೇಡ ಅನ್ನುವುದಕ್ಕೆ. ಅದು ಇರುವುದರಿಂದಲೇ 'ಟ್ರಿಪ್‌ಗೆ' ಅಂತ ಬರೆಯಬಹುದು, ಇಲ್ಲದಿದ್ದರೆ 'ಟ್ರಿಪ್ಗೆ' ಆಗುತ್ತೆ. ಎರಡನೆಯದು ಇಲ್ಲದಿದ್ದರೆ 'ರ‍್ಯಾಲಿ'ಯು 'ರ್ಯಾಲಿ' ಆಗಿ ಅರ್ಕಾವತ್ತು ಹೊತ್ತುಕೊಳ್ಳುತ್ತೆ. ರೇಂಜ್ ಬರೆಯುವಾಗ ಬರೀ ಕನ್ನಡದ 128 ಮನೆ ಹಾಕಿ ಕೈ ತೊಳೆದುಕೊಳ್ಳಬಾರದು. ಇವೆರಡನ್ನೂ ಸೇರಿಸಬೇಕು. ಗೂಗಲ್‌ನ ಕನ್ನಡ ಪಟ್ಟಿಯಲ್ಲೂ ಇವು ಇವೆ.

ಕತ್ತರಿಸಿದ ಪ್ರತಿ ಫೈಲನ್ನೂ ಒಂದು ಪರೀಕ್ಷೆ ಪುಟಕ್ಕೆ ಹಾಕಿ ನೋಡಿದೆ. ಕನ್ನಡಕ್ಕೆ ನನ್ನ ಸಾಲು: ಶ್ರೀರಂಗಪಟ್ಟಣ, ರಾಷ್ಟ್ರ, ಸೂರ್ಯ, ರ‍್ಯಾಲಿ, ಟ್ರಿಪ್‌ಗೆ, ಕ್ಷೇತ್ರ, ಜ್ಞಾನ, ಹತ್ತಿರ, ₹. ಮಲಯಾಳಂ ಪುಟವನ್ನು ನಮ್ಮ ಬೀದಿಯ ಬೇಕರಿಯವರಿಗೆ ತೋರಿಸಿದೆ, ಅವರು ಕಣ್ಣೂರಿನವರು. ಅಕ್ಷರ ಸರಿಯಿದೆ ಅಂದರು. ಜೊತೆಗೆ ಅನುವಾದದಲ್ಲಿ ಎರಡು ಕಡೆ ತಪ್ಪಿದೆ ಅಂತಲೂ ಹೇಳಿದರು. ಅದು ಬೇರೆ ಕೆಲಸ.

ಹೆಡ್ಡಿಂಗಿನಲ್ಲಿರುವ ಪದಗಳ ಅಕ್ಷರ ಮಾತ್ರ ಇಟ್ಟುಕೊಂಡು ಇನ್ನೂ ಚಿಕ್ಕದು ಮಾಡಬಹುದಿತ್ತು. ಮಾಡಲಿಲ್ಲ. ನಾಳೆ ಭಾವ 'ಝರಿ' ಅಂತ ಹೊಸ ಪ್ಯಾಕೇಜ್ ಹಾಕುತ್ತಾರೆ. ಝ ಫೈಲಿನಲ್ಲಿ ಇರುವುದಿಲ್ಲ. ಒಂದು ಅಕ್ಷರ ಮಾತ್ರ ಬೇರೆ ಫಾಂಟಿನಲ್ಲಿ ಸಣ್ಣಗೆ ಕೂರುತ್ತೆ.

ಈಗ ಕ್ಯಾಶ್

ಟೂರಿಗೆ ಹೊರಡುವವರು ಒಂದೇ ಸಲ ನೋಡಿ ಬುಕ್ ಮಾಡುವುದಿಲ್ಲ. ಇವತ್ತು ರೇಟ್ ನೋಡುತ್ತಾರೆ, ಮನೆಯಲ್ಲಿ ಕೇಳುತ್ತಾರೆ, ನಾಳೆ ಮತ್ತೆ ತೆರೆಯುತ್ತಾರೆ. ಹಾಗಾಗಿ ಎರಡನೇ ಭೇಟಿ ಮುಖ್ಯ. ಹಳೇ ಸೈಟಿನಲ್ಲಿ ಎರಡನೇ ದಿನ ತೆರೆದರೆ ನಮ್ಮ ಸರ್ವರ್‌ನ ಫಾಂಟುಗಳೆಲ್ಲ ಪೂರ್ತಿ ಇನ್ನೊಂದು ಸಲ ಇಳಿಯುತ್ತಿದ್ದವು. ಬದಲಾಗಿಲ್ಲ ಅನ್ನುವ 304 ಉತ್ತರ ಕೂಡ ಇಲ್ಲ, ನೇರ 200, ಅಂದರೆ ಪೂರ್ತಿ ಫೈಲು.

ಇದರ ಹಿಂದೆ ಎರಡು ಕಾರಣ ಇತ್ತು. ಫೈಲನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅಂತ ಹೇಳುವ ಕ್ಯಾಶ್-ಕಂಟ್ರೋಲ್ ಹೆಡರನ್ನೇ (ಫೈಲಿನ ಜೊತೆ ಹೋಗುವ ಸೂಚನೆ) ಸರ್ವರ್ ಕಳಿಸುತ್ತಿರಲಿಲ್ಲ. ಅದಿಲ್ಲದಿದ್ದರೆ ಬ್ರೌಸರ್ ತಾನೇ ಅಂದಾಜು ಕಟ್ಟುತ್ತೆ: ಫೈಲು ಕೊನೆಗೆ ಬದಲಾಗಿ ಎಷ್ಟು ಹೊತ್ತಾಗಿದೆಯೋ ಅದರ ಸುಮಾರು ಶೇಕಡ 10ರಷ್ಟು ಹೊತ್ತು ತಾಜಾ ಅಂತ ಇಟ್ಟುಕೊಳ್ಳುತ್ತೆ. ಹಳೇ ಫೈಲಾಗಿದ್ದರೆ ಇದರಿಂದ ಲಾಭವೇ. ವರ್ಷದ ಹಿಂದಿನದಾದರೆ ತಿಂಗಳಿಗೂ ಮೇಲೆ ಇರುತ್ತೆ. ಆದರೆ ಇಲ್ಲಿ ರೇಟು ಬದಲಾಯಿಸುವ ಸ್ಕ್ರಿಪ್ಟ್ ಪ್ರತಿ ರಾತ್ರಿ 2 ಗಂಟೆಗೆ ಇಡೀ ಸೈಟನ್ನು ಮತ್ತೆ ಅಪ್‌ಲೋಡ್ ಮಾಡುತ್ತಿತ್ತು. ಬದಲಾಗದ ಫಾಂಟಿಗೂ ಹೊಸ ಟೈಮು ಬೀಳುತ್ತಿತ್ತು. ಮಧ್ಯಾಹ್ನ 12ಕ್ಕೆ ನೋಡಿದವನಿಗೆ ಫೈಲಿನ ವಯಸ್ಸು 10 ಗಂಟೆ, ತಾಜಾ ಇರುವುದು 1 ಗಂಟೆ.

ಆಮೇಲೆ ಇಟ್ಯಾಗ್, ಅಂದರೆ ಫೈಲು ಬದಲಾಗಿದೆಯಾ ಅಂತ ಹೋಲಿಸಿ ನೋಡುವ ಗುರುತು. ಎಂಜಿನ್ಎಕ್ಸ್ ಇದನ್ನು ಫೈಲಿನ ಟೈಮು ಮತ್ತು ಸೈಜಿನಿಂದ ಮಾಡುತ್ತೆ, ಒಳಗಿನ ವಿಷಯ ನೋಡುವುದಿಲ್ಲ. ಟೈಮು ಬದಲಾದರೆ ಇಟ್ಯಾಗೂ ಬದಲು. ಬ್ರೌಸರ್ "ನನ್ನ ಹತ್ತಿರ ಇದು ಇದೆ, ಸಾಕಾ?" ಅಂತ ಕೇಳಿದರೆ ಸರ್ವರ್ "ಇಲ್ಲ, ಹೊಸದು ತಗೋ" ಅಂತ ಅದೇ ಫೈಲನ್ನು ಮತ್ತೆ ಕೊಡುತ್ತಿತ್ತು. ದಿನಾ.

ಸ್ಕ್ರಿಪ್ಟನ್ನು ಆರ್‌ಸಿಂಕ್‌ಗೆ (ಫೈಲು ಕಳಿಸುವ ಒಂದು ಟೂಲು) ಬದಲಾಯಿಸಿ ಚೆಕ್‌ಸಮ್ ಆಯ್ಕೆ ಹಾಕಿದೆ. ಒಳಗಿನದು ನಿಜವಾಗಿ ಬದಲಾಗಿದ್ದರೆ ಮಾತ್ರ ಮುಟ್ಟುತ್ತೆ. ಫಾಂಟ್ ಫೈಲಿನ ಹೆಸರಿನಲ್ಲೇ ಅದರ ಹ್ಯಾಶ್‌ನ (ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಗುರುತು) ಮೊದಲ ಎಂಟು ಅಕ್ಷರ ಸೇರಿಸಿದೆ. ಫೈಲು ಬದಲಾದರೆ ಹೆಸರೂ ಬದಲಾಗುತ್ತೆ. ಆದ್ದರಿಂದ ಅದೇ ಹೆಸರಿನ ಫೈಲು ಎಂದೂ ಬದಲಾಗಲ್ಲ ಅಂತ ಧೈರ್ಯವಾಗಿ ಹೇಳಬಹುದು. ಹೆಡರ್: ಪಬ್ಲಿಕ್, ಮ್ಯಾಕ್ಸ್-ಏಜ್ 31536000, ಇಮ್ಯೂಟಬಲ್. ಅಂದರೆ 365 ದಿನ. ಇಮ್ಯೂಟಬಲ್ ಅನ್ನುವುದನ್ನು ಫೈರ್‌ಫಾಕ್ಸ್, ಸಫಾರಿ ಪಾಲಿಸುತ್ತವೆ. ಪುಟ ರಿಲೋಡ್ ಮಾಡಿದರೂ ಮತ್ತೆ ಕೇಳುವುದಿಲ್ಲ. ಕ್ರೋಮ್ ಆ ಪದವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ, ಮಾಮೂಲಿ ರಿಲೋಡ್‌ನಲ್ಲಿ ತಾಜಾ ಇರುವ ಫಾಂಟನ್ನು ತಾನಾಗಿಯೇ ಕೇಳುವುದನ್ನು ಬಿಟ್ಟಿದೆ. ಸಿಎಸ್‌ಎಸ್ ಫೈಲಿಗೂ ಇದೇ ಪದ್ಧತಿ. ಎಚ್‌ಟಿಎಂಎಲ್‌ಗೆ ಮಾತ್ರ ನೋ-ಕ್ಯಾಶ್, ಅಂದರೆ ಇಟ್ಟುಕೋ, ಆದರೆ ತೋರಿಸುವ ಮುಂಚೆ ಒಂದು ಸಲ ಕೇಳು. ರೇಟು ಇರುವುದು ಅಲ್ಲೇ ತಾನೇ.

ಎಂಜಿನ್ಎಕ್ಸ್ ಬಳಸುವವರು ಒಂದು ನೆನಪಿಡಿ. ಲೊಕೇಶನ್ ಬ್ಲಾಕಿನೊಳಗೆ ಒಂದು ಹೆಡರ್ ಸೇರಿಸಿದರೆ, ಮೇಲಿನ ಹಂತದಲ್ಲಿ ಹಾಕಿದ ಹೆಡರುಗಳು ಆ ಬ್ಲಾಕಿಗೆ ಇಳಿದು ಬರುವುದಿಲ್ಲ. ಸೆಕ್ಯುರಿಟಿ ಹೆಡರುಗಳನ್ನು ಅಲ್ಲೂ ಇನ್ನೊಂದು ಸಲ ಬರೆಯಬೇಕು.

ಕ್ಯಾಶ್ ಒಡೆದುಹೋಗುವ ಇನ್ನೊಂದು ತೂತು ಕಾರಿನ ಹಿಂದೆ ಸಿಕ್ಕಿತು. ವಿಸಿಟಿಂಗ್ ಕಾರ್ಡಿನಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸ. ಕಾರಿನ ಹಿಂದಿನ ಗಾಜಿಗೆ ಅಂಟಿಸಿದ ಕ್ಯೂಆರ್ ಕೋಡಿನಲ್ಲಿ ಅದಿಲ್ಲದ ವಿಳಾಸ. ಎರಡೂ ತೆರೆಯುತ್ತಿದ್ದವು. ಬ್ರೌಸರ್‌ಗೆ ಅವು ಬೇರೆ ಬೇರೆ ಯುಆರ್‌ಎಲ್, ಫಾಂಟೂ ಎರಡೆರಡು ಸಲ. ಒಂದರಿಂದ ಇನ್ನೊಂದಕ್ಕೆ 301 (ಶಾಶ್ವತ ರೀಡೈರೆಕ್ಟ್) ಹಾಕಿದೆ.

ಪ್ರಿಲೋಡ್, ಮತ್ತು ಭಾವನ ಜೊತೆ ಜಗಳ

ಸಿಎಸ್‌ಎಸ್ ಓದಿ, ಪುಟ ಜೋಡಿಸಿ, ಆಮೇಲೆ ಫಾಂಟ್ ಬೇಕು ಅಂತ ಬ್ರೌಸರ್‌ಗೆ ಗೊತ್ತಾಗುವ ಹೊತ್ತಿಗೆ ತಡ ಆಗಿರುತ್ತೆ. ಹಾಗಾಗಿ ಪುಟದ ತಲೆಯಲ್ಲೇ ಆ ಭಾಷೆಯ ಒಂದು ಫೈಲನ್ನು ಪ್ರಿಲೋಡ್ ಮಾಡಿದೆ, ಅಂದರೆ ಇದನ್ನು ಮೊದಲೇ ಇಳಿಸು ಅಂತ ಹೇಳಿದೆ. ಒಂದೇ. ಕ್ರಾಸ್ಆರಿಜಿನ್ ಅನ್ನುವ ಗುಣವನ್ನು ಮರೆಯಬಾರದು. ನಮ್ಮದೇ ಸರ್ವರ್ ಆದರೂ ಫಾಂಟನ್ನು ಬ್ರೌಸರ್ ಆ ಬಗೆಯಲ್ಲೇ ತರಿಸುವುದು. ಅದಿಲ್ಲದಿದ್ದರೆ ಪ್ರಿಲೋಡ್ ಆದದ್ದು ಹೊಂದಾಣಿಕೆ ಆಗದೆ, ಅದೇ ಫೈಲು ಎರಡು ಸಲ ಇಳಿಯುತ್ತೆ.

ಫಾಂಟ್ ಬರುವ ತನಕ ಏನು ತೋರಿಸಬೇಕು ಅನ್ನುವ ಫಾಂಟ್-ಡಿಸ್‌ಪ್ಲೇಗೆ 'ಆಪ್ಷನಲ್' ಆರಿಸಿದೆ. ಫಾಂಟ್ ಸುಮಾರು 100 ಮಿಲಿಸೆಕೆಂಡಿನೊಳಗೆ ಸಿಕ್ಕರೆ ಸರಿ. ಇಲ್ಲದಿದ್ದರೆ ಆ ಪುಟ ಪೂರ್ತಿ ಫೋನಿನ ಫಾಂಟಿನಲ್ಲೇ ಇರುತ್ತೆ, ಮಧ್ಯದಲ್ಲಿ ಬದಲಾಗಲ್ಲ. ಫೈಲು ಹಿಂದಿನಿಂದ ಇಳಿದು ಕ್ಯಾಶಿನಲ್ಲಿ ಕೂರುತ್ತೆ. ಮುಂದಿನ ಪುಟ ಒತ್ತಿದಾಗ ಬಾಲೂ ರೆಡಿ.

"ಮೊದಲನೇ ಪುಟದಲ್ಲಿ ಹೆಡ್ಡಿಂಗು ಒಂಥರಾ, ಎರಡನೇದರಲ್ಲಿ ಇನ್ನೊಂಥರಾ. ಇದೇನೋ ಇದು?" ಅಂದರು ಭಾವ.

"ಮೊದಲು ಬೆಳ್ಳಗೆ ಕೂತಿತ್ತಲ್ಲ ಭಾವ, ಅದಕ್ಕಿಂತ ಇದು ವಾಸಿ ಅಲ್ವಾ?"

"ವಾಸಿ ಹೌದು. ಆದ್ರೆ ಬೋರ್ಡಲ್ಲಿರೋ ಅಕ್ಷರಾನೇ ಮೊದಲ ಪುಟದಲ್ಲೂ ಬೇಕು. ಗಿರಾಕಿ ನೋಡೋದೇ ಅದನ್ನ."

ಮಾತು ಸರಿ ಅನ್ನಿಸಿತು. ಮೇಲಿನ ಕಂಪನಿ ಹೆಸರೊಂದನ್ನು ಎಸ್‌ವಿಜಿ ಮಾಡಿ ಪುಟದೊಳಗೇ ಸೇರಿಸಿದೆ. ಅದು ಯಾವಾಗಲೂ ಬೋರ್ಡಿನ ಹಾಗೇ ಕಾಣುತ್ತೆ. ಉಳಿದ ಹೆಡ್ಡಿಂಗಿಗೆ ಆಪ್ಷನಲ್ಲೇ ಇರಲಿ ಅಂತ ಒಪ್ಪಿಸಿದೆ.

ಸಾಲಿನ ಎತ್ತರವನ್ನು ಎಲ್ಲ ಕಡೆ ಅಂಕಿಯಲ್ಲೇ ಕೊಟ್ಟೆ, ಬರಹಕ್ಕೆ 1.7. 'ನಾರ್ಮಲ್' ಅಂತ ಬಿಟ್ಟರೆ ಪ್ರತಿ ಫಾಂಟ್ ತನ್ನ ಅಳತೆ ಹೇಳುತ್ತೆ. ಕನ್ನಡ ಸಾಲಿನ ಮಧ್ಯೆ ಒಂದು ಇಂಗ್ಲಿಷ್ ಪದ ಬಂದರೂ ಆ ಸಾಲು ಮಾತ್ರ ಉಬ್ಬುತ್ತೆ. 'ರಾಷ್ಟ್ರ'ದಂಥ ಎರಡು ಒತ್ತು ಇರುವ ಪದಕ್ಕೆ ಕೆಳಗೆ ಜಾಗ ಬೇಕು, 1.4 ಕೊಟ್ಟರೆ ಕೆಳಸಾಲಿನ ತಲೆಗೆ ತಾಗುತ್ತೆ.

ಆಫೀಸಿನ ಪಿಸಿ

ಇಷ್ಟಾದರೂ ನಜರ್‌ಬಾದಿನ ಆಫೀಸಿನ ಪಿಸಿಯಲ್ಲಿ ಊರುಗಳ ಪಟ್ಟಿಯ ಪುಟ ತಿಣುಕುತ್ತಿತ್ತು. ಐದು ಭಾಷೆಯಲ್ಲೂ ಊರ ಹೆಸರು ಇರುವ ಉದ್ದನೆಯ ಟೇಬಲ್ಲು, ಡ್ರೈವರ್‌ಗಳಿಗೋಸ್ಕರ ಇರುವುದು. ನೆಟ್ ಸರಿ ಇತ್ತು, ಫಾಂಟ್ ಕ್ಯಾಶಿನಿಂದಲೇ ಬರುತ್ತಿತ್ತು. ಆ ಪಿಸಿ ಹಿಂದೆ ಡಿಟಿಪಿ ಸೆಂಟರ್‌ನಲ್ಲಿ ಇದ್ದದ್ದು. ನುಡಿ, ಬರಹ, ಮದುವೆ ಕಾರ್ಡಿನ ಫಾಂಟು ಅಂತ ನೂರಾರು ತುಂಬಿಕೊಂಡಿವೆ. ಟೇಬಲ್ಲಿನ ಎಲ್ಲ ಕಂಬಕ್ಕೂ ಲ್ಯಾಂಗ್ ಒಂದೇ, ಕನ್ನಡ. ಹೇಳಿದ ಫಾಂಟಿನಲ್ಲಿ ಅಕ್ಷರ ಸಿಗದಿದ್ದರೆ ಬ್ರೌಸರ್ ಸಿಸ್ಟಮ್ಮಿನ ಫಾಂಟುಗಳಲ್ಲಿ ಹುಡುಕಲು ಹೊರಡುತ್ತೆ. ಪ್ರತಿ ಕಂಬಕ್ಕೂ ಅದರ ಲ್ಯಾಂಗ್ ಹಾಕಿ, ನಿರ್ಮಲಾ ಯುಐ ಅಂತ ಹೆಸರು ಹಿಡಿದು ಹೇಳಿದೆ. ಈ ಐದೂ ಲಿಪಿ ಅದೊಂದರಲ್ಲೇ ಇವೆ. ಹುಡುಕಾಟ ನಿಂತಿತು. ಬೇಡದ ಫಾಂಟುಗಳನ್ನು ಅಳಿಸೋಣ ಅಂದರೆ, ಪಕ್ಕದ ಅಂಗಡಿಯವರು ಆಗಾಗ ಬಂದು ಅದರಲ್ಲೇ ಇನ್ವಿಟೇಶನ್ ಮಾಡಿಕೊಳ್ಳುತ್ತಾರಂತೆ.

ಅಲ್ಲಿ ಫೈರ್‌ಫಾಕ್ಸ್ ಬಳಸುತ್ತಾರೆ. ಫೈಲಿನ ಕ್ಯಾಶ್ ಅಲ್ಲದೆ ಅದರಲ್ಲಿ ಪದಗಳ ಕ್ಯಾಶ್ ಕೂಡ ಇದೆ. ಒಂದು ಸಲ ಒತ್ತು, ದೀರ್ಘ ಎಲ್ಲ ಜೋಡಿಸಿದ ಪದವನ್ನು ನೆನಪಿಟ್ಟುಕೊಂಡು, ಮತ್ತೆ ಬಂದಾಗ ಹಾಗೇ ಬಳಸುತ್ತೆ. ಅಬೌಟ್-ಕಾನ್ಫಿಗ್‌ಗೆ (ಫೈರ್‌ಫಾಕ್ಸ್‌ನ ಒಳಗಿನ ಸೆಟ್ಟಿಂಗ್ ಪುಟ) ಹೋಗಿ 'ವರ್ಡ್‌ಕ್ಯಾಶ್' ಹುಡುಕಿದರೆ ಚಾರ್‌ಲಿಮಿಟ್ ಅಂತ ಕಾಣುತ್ತೆ, 32. ಅದಕ್ಕಿಂತ ಉದ್ದದ ಪದವನ್ನು ಇಟ್ಟುಕೊಳ್ಳುವುದಿಲ್ಲ. ಕನ್ನಡದಲ್ಲಿ ಸ್ವರಚಿಹ್ನೆ, ವಿರಾಮ ಎಲ್ಲ ಲೆಕ್ಕಕ್ಕೆ ಬರುವುದರಿಂದ 'ಮಾಡಿಕೊಳ್ಳಬೇಕಾಗಿರುವುದರಿಂದ' ಅನ್ನುವುದೇ 24 ಆಗುತ್ತೆ. ಊರ ಹೆಸರುಗಳು ಅಷ್ಟು ಉದ್ದ ಇರುವುದಿಲ್ಲ. ಅದನ್ನು ಮುಟ್ಟಲಿಲ್ಲ, ಮುಟ್ಟುವ ಅಗತ್ಯವೂ ಇರಲಿಲ್ಲ.

ಉಳಿದದ್ದು

ಸರ್ವಿಸ್ ವರ್ಕರ್ (ನೆಟ್ ಇಲ್ಲದಾಗಲೂ ಫೈಲು ಕೊಡಬಲ್ಲ, ಬ್ರೌಸರ್‌ನಲ್ಲಿ ಓಡುವ ಸ್ಕ್ರಿಪ್ಟ್) ಹಾಕು ಅಂತ ಒಬ್ಬ ಸ್ನೇಹಿತ ಹೇಳಿದ. ಫಾಂಟಿಗೋಸ್ಕರ ಅದು ಬೇಡ. ಬ್ರೌಸರ್‌ನ ಮಾಮೂಲಿ ಕ್ಯಾಶ್ ಸಾಕು. ಐಫೋನಿನಲ್ಲಂತೂ 7 ದಿನ ಬಳಸದಿದ್ದರೆ ಸಫಾರಿ ಅದನ್ನು ಅಳಿಸಿಹಾಕುತ್ತೆ. ಬಂಡೀಪುರದ ರಸ್ತೆಯಲ್ಲಿ ಸಿಗ್ನಲ್ ಇಲ್ಲದಾಗ ಡ್ರೈವರ್‌ಗೆ ಟ್ರಿಪ್ ಶೀಟ್ ತೋರಿಸಲು ಬೇಕಾದರೆ ಮುಂದೆ ನೋಡೋಣ.

ಭಾನುವಾರ ಸಂಜೆ ದೀಪ ಹತ್ತುವ ಹೊತ್ತಿಗೆ ಅದೇ ಹಳೇ ಫೋನ್ ಹಿಡಿದು ಅರಮನೆ ಮುಂದೆ ಹೋದೆ. ಆ ಜನಜಂಗುಳಿಯಲ್ಲಿ ಎಲ್ಲರೂ ವಿಡಿಯೋ ಕಳಿಸುತ್ತಿರುತ್ತಾರೆ, ಡೇಟಾ ತೆವಳುತ್ತೆ. ಕ್ಯಾಶ್ ಖಾಲಿ ಮಾಡಿ ಮಲಯಾಳಂ ಪುಟ ತೆರೆದೆ. ರೇಟು, ಫೋನ್ ನಂಬರ್ ಮೊದಲು ಬಂದವು, ಫೋನಿನ ಫಾಂಟಿನಲ್ಲಿ. ಎರಡನೇ ಪುಟದಲ್ಲಿ ಹೆಡ್ಡಿಂಗ್ ಬಾಲೂ ಆಯಿತು. ಫಾಂಟ್ ಫೈಲು ಒಟ್ಟು ಒಂದು. ಈಗ ತಡವಾಗಿ ಬರುವುದು ಕಾರಿನ ಫೋಟೋಗಳು. ಒಂದೊಂದೂ ಕ್ಯಾಮೆರಾದಿಂದ ತೆಗೆದ ಹಾಗೇ ಹಾಕಿದ್ದಾರೆ. ಮುಂದಿನ ವಾರ ಅದಕ್ಕೆ ಕೈ ಹಾಕುತ್ತೇನೆ.